ಬಟ್ಟೆಯಲ್ಲಿ ಏನೂ ಉಳಿಯದ ಮುಂಗಾರು

ಕಳೆದ ವಾರ ನೇಕಾರರ ಊರು ಭಾಗ್ಯನಗರದಲ್ಲಿ ಒಂದು ಅಂಗಡಿಯ ಪಕ್ಕ ಕೋರಾ ಬಟ್ಟೆಯ ಥಾನನ್ನು ನೀರಿಗೆ ಅದ್ದಿ ಗಂಜಿ ಬಿಡಿಸುತ್ತಿದ್ದರು. ನಾನು ಹೋಗಿದ್ದದ್ದು ಆ ಅಂಗಡಿಯಲ್ಲಿ ಪೈಪು ಖರೀದಿಗೆ. ದರ ಇಳಿಯುತ್ತಾ ಬಂದಿತ್ತು, ಇನ್ನೊಂದು ಮಾತು ಆಡಿದ್ದರೆ ನಾನು ಹೇಳಿದಲ್ಲಿಗೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಆ ಹಸಿ ಬಟ್ಟೆಯ ವಾಸನೆ ಬಂತು. ಗಂಜಿ, ಹತ್ತಿ, ಒದ್ದೆ ಮಣ್ಣು ಮೂರೂ ಕಲೆತಂಥ ವಾಸನೆ. ಆಡಬೇಕಾಗಿದ್ದ ಮಾತು ಬಿಟ್ಟು ಆ ಥಾನಿನ ಕಡೆ ತಿರುಗಿದೆ.

"ಯಾಕ್ರಿ ಸಾಹುಕಾರ್ರ, ಒಮ್ಮೆಲೆ ಸುಮ್ಮನಾದ್ರಿ? ಆರಾಮ ಇಲ್ಲೇನು?" ಅಂದ ಅಂಗಡಿಯವನು.

ಏನೂ ಇಲ್ಲ ಅಂದೆ. ಅವನು ಹೇಳಿದ ದರಕ್ಕೇ ಹೂಂ ಅಂದು ಪೈಪು ಗಾಡಿಗೆ ಹಾಕಿಸಿದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಹಾಗೆ ಅಂದದ್ದು ಅದೇ ಮೊದಲು. ವಾಪಸು ಬರುವಾಗ ಗಂಗಾವತಿ ದಾಟುವ ತನಕ ತಲೆಯಲ್ಲಿ ಆ ಒಂದು ಮುಂಗಾರು ಬಿಟ್ಟರೆ ಬೇರೇನೂ ಇರಲಿಲ್ಲ.

ಸಿದ್ದಾಪುರದಿಂದ ಕಾರಟಗಿ ಕಡೆಗೆ ಹೋಗುವ ರಸ್ತೆಯ ಒಂದು ಕ್ಯಾಂಪಿನಲ್ಲಿ ನನ್ನ ಬೀಜ, ಗೊಬ್ಬರ, ಔಷಧಿಯ ಅಂಗಡಿ. ಕ್ಯಾಂಪು ಅಂದರೆ ಕಾಲುವೆ ಬಂದ ಕಾಲಕ್ಕೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ಊರು. ಔಷಧಿ ಅಂದರೆ ಬೆಳೆಗೆ ಹೊಡೆಯುವುದು. ವಿಷ ಎಂಬ ಶಬ್ದವನ್ನು ನಮ್ಮ ಕಸುಬಿನಲ್ಲಿ ಯಾರೂ ಬಳಸುವುದಿಲ್ಲ. ನಾನು ಹುಟ್ಟಾ ಸಾಹುಕಾರನಲ್ಲ. ಮೀಸೆ ಮೂಡುವ ಮೊದಲೇ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ನಿಂತವನು. ಚೀಲ ಹೊತ್ತೆ, ಸೈಕಲ್ ಮೇಲೆ ಬೀಜದ ಪಾಕೀಟು ಮಾರಿದೆ, ಕೊನೆಗೆ ಒಂದು ಷಟರಿನ ಅಂಗಡಿ ಹಿಡಿದೆ. ಹಾಗೆ ಮೇಲೆ ಬಂದವನಿಗೆ ಒಂದು ಚಟ ಅಂಟುತ್ತದೆ, ಎಲ್ಲರಿಗೂ ಬುದ್ಧಿ ಹೇಳುವುದು. ಯಾವ ಊರಿನ ಸಂಬಂಧ ಒಳ್ಳೆಯದು, ಯಾವ ವಕೀಲ ಕೇಸು ಎಳೆಯುತ್ತಾನೆ, ಯಾವ ಡಾಕ್ಟರರ ಕೈಗುಣ ಚೆನ್ನಾಗಿದೆ, ಕೇಳಿದವರಿಗೆ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ. ಅದನ್ನು ನೋಡಿಯೇ ಇರಬೇಕು, ಊರಿನ ಶಾಲೆಯ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು.

ಆ ವರ್ಷ ಕಾಲುವೆಗೆ ನೀರು ತಡವಾಗಿ ಬಿಟ್ಟರು. ನಾಟಿ ತಡವಾಯಿತು, ಮೋಡ ಮುಸುಕಿದ ದಿನಗಳು ಹೆಚ್ಚಾದವು, ಭತ್ತಕ್ಕೆ ಹುಳ ಬಿದ್ದೇ ಬೀಳುತ್ತದೆ ಎಂದು ನನಗೆ ಮೊದಲೇ ಗೊತ್ತಾಗಿತ್ತು. ಅಂಗಡಿ ತುಂಬಾ ಮಾಲು ಇಳಿಸಿಕೊಂಡೆ. ಬಾಡಿಗೆಗೆ ಕೊಡಲು ಔಷಧಿ ಹೊಡೆಯುವ ಹೊಸ ಪವರ್ ಸ್ಪ್ರೇಯರುಗಳನ್ನು ತಂದೆ. ಅದೇ ಹೊತ್ತಿಗೆ ಒಂದು ದಿನ ಶಾಲೆಯ ವಿಜ್ಞಾನದ ಸುಮಂಗಲಾ ಟೀಚರ್ ಅಂಗಡಿಗೆ ಬಂದರು. ಯಲಬುರ್ಗಾ ಕಡೆಯವರು. ಒಂದು ಕೊಡ ನೀರಿಗೆ ಮೈಲಿ ನಡೆದು ಬೆಳೆದ ಹೆಂಗಸಿಗೆ ನಮ್ಮ ಕಡೆಯ ನೀರಿನ ದರ್ಬಾರು ಕಂಡರೆ ಹೊಟ್ಟೆ ಉರಿಯುತ್ತಿತ್ತು.

"ನಾ ಪರಿಸರದ ಪಾಠ ಹೇಳಿದ್ರ ಹುಡುಗರು ಬರಕೊಳ್ತಾರ್ರಿ, ಪರೀಕ್ಷಾದಾಗ ಕಕ್ಕಿ ಬರ್ತಾರ," ಅಂದರು. "ಮನಿ ಹೊಸ್ತಿಲ ದಾಟಂಗಿಲ್ಲ ಅದು. ಧರ್ಮದ ಹಿರ್ಯಾರು ಹೇಳಿದ್ದು ಮನಿ ಒಳಗ ಹೋಗತೈತಿ. ಅದಕ್ಕ ಒಂದು ಶನಿವಾರ ಅವರು ಬಂದು ನೀರಿನ ಬಗ್ಗೆ ತಮ್ಮ ಮತದಾಗ ಏನೈತಿ ಹೇಳ್ಲಿ. ಮರು ಶನಿವಾರ ನಾ ಅದನ್ನ ಪ್ರಯೋಗ ಮಾಡಿ ತೋರಸ್ತೀನಿ. ನೀವು ಅವರನ್ನ ಕರಸ್ರಿ. ಒಂದು ಮೈಕ್ರೋಸ್ಕೋಪ್ ಕೊಡಸ್ರಿ."

"ಕೊಡಸೂಣು," ಅಂದೆ. "ಆದ್ರ ಸಾಲಿ ಬಾವಿ ಕಟ್ಟಿಗೆ ನಮ್ಮ ಅಂಗಡಿ ಬೋರ್ಡ್ ಬೀಳಬೇಕು."

"ಬೀಳಲಿ. ಆದ್ರ ಪ್ರತಿ ಶನಿವಾರ ನೀವೂ ಬಂದು ಬೆಂಚಿನ ಮ್ಯಾಲೆ ಕೂಡ್ರಬೇಕು. ಒಂದೂ ತಪ್ಪಸಂಗಿಲ್ಲ."

"ಈ ವಯಸ್ಸಿನ್ಯಾಗ ನನಗ್ಯಾಕ್ರಿ ಸಾಲಿ?"

"ಔಷಧ ಮಾರೂರು ನೀವು. ಮತ್ತ್ಯಾರಿಗೆ ಹೇಳ್ಲಿ?"

ಬೋರ್ಡಿಗೆ ಬೆಂಚು. ಸೌದಾ ನನ್ನ ಕಡೆಗೇ ವಾಲಿದೆ ಅಂದುಕೊಂಡೆ.

ಆ ಬಾವಿಯ ವಿಷಯ ಹೇಳಬೇಕು. ನಮ್ಮಲ್ಲಿ ಬೋರ್ ಹಾಕಿದರೆ ಸವಳು ನೀರು, ಬಾಯಿಗೆ ಹಾಕಲಾಗುವುದಿಲ್ಲ. ಈ ಬಾವಿ ಮಾತ್ರ ಕಾಲುವೆಯ ಬಸಿ ನೀರಿನಿಂದ ಸಿಹಿಯಾಗಿತ್ತು. ಶಾಲೆಯ ಬಿಸಿಯೂಟಕ್ಕೆ ಅದೇ ನೀರು. ಪಕ್ಕದ ಕೂಲಿಕಾರರ ಓಣಿಗೂ ಕುಡಿಯಲು ಅದೇ. ಬಿಸಿಯೂಟ ಮಾಡುವ ಹೊನ್ನವ್ವ ಆ ಓಣಿಯವಳು. ಅವಳ ಗಂಡ, ಈಗಿಲ್ಲ, ಕಾರಟಗಿಯಲ್ಲಿ ನನ್ನ ಜೊತೆ ಚೀಲ ಹೊತ್ತವನು. ಆಕೆ ನನ್ನನ್ನು ಎದುರಿಗೆ ಸಾಹುಕಾರ್ರ ಅನ್ನುತ್ತಿದ್ದಳು, ಮನಸ್ಸು ಬಂದಾಗ ಕಾಸಿಮಣ್ಣ ಅನ್ನುತ್ತಿದ್ದಳು. ನನ್ನ ಅಂಗಡಿ ಬಾವಿಗಿಂತ ಸ್ವಲ್ಪ ಎತ್ತರದಲ್ಲಿ, ಅರವತ್ತು ಎಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅಂಗಡಿಯಲ್ಲಿ ಮಾತ್ರ ಕ್ಯಾನಿನ ನೀರು ತರಿಸುತ್ತಿದ್ದೆ.

ಮೊದಲ ಶನಿವಾರ ನಮ್ಮ ಮಸೀದಿಯ ಇಮಾಮ್ ಸಾಹೇಬರು ಬಂದರು. ವಜೂಗೆ, ಅಂದರೆ ನಮಾಜಿನ ಮೊದಲು ಕೈಕಾಲು ಮುಖ ತೊಳೆಯಲು, ಎಂಥ ನೀರಾಗಬೇಕು ಎಂದು ಹೇಳಿದರು. "ನೀರಿಗೆ ಮೂರು ಸಾಕ್ಷಿ ಅದಾವ ಮಕ್ಕಳ. ರಂಗು, ವಾಸನಿ, ರುಚಿ. ಮೂರರಾಗ ಒಂದು ಕೆಟ್ಟರೂ ಆ ನೀರು ಕೆಲಸಕ್ಕ ಬರಂಗಿಲ್ಲ. ಹೊಳಿ ದಂಡ್ಯಾಗ ಕುಂತಿದ್ರೂ ಪೋಲು ಮಾಡೂಹಂಗಿಲ್ಲ." ಒಬ್ಬ ಹುಡುಗಿ ಎದ್ದು, "ನಮ್ಮ ಪುಸ್ತಕದಾಗೂ ಹಿಂಗ ಐತ್ರಿ, ಬಣ್ಣ ಇಲ್ಲ, ವಾಸನಿ ಇಲ್ಲ, ರುಚಿ ಇಲ್ಲ ಅಂತ," ಅಂದಳು. ಇಮಾಮ್ ಸಾಹೇಬರಿಗೆ ಅಂದು ಎಷ್ಟು ಖುಷಿ ಅಂದರೆ ಎರಡು ಸಲ ಚಹಾ ಕುಡಿದರು.

ಮಠದ ಅಯ್ಯನವರು ಬಂದು, ಕೆರೆಗೆ ಕಾಲಿಡುವ ಮೊದಲು ಹಿಂದಿನವರು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಈಗ ಟ್ರ್ಯಾಕ್ಟರ್ ಇಳಿಸುತ್ತೇವೆ ಅಂದರು. ಆರೋಗ್ಯ ಕೇಂದ್ರದ ಸಿಸ್ಟರ್ ಕ್ರೈಸ್ತರು. ದೇವರು ಮನುಷ್ಯನನ್ನು ಮೊದಲು ಕೂರಿಸಿದ್ದು ತೋಟದಲ್ಲಿ, ಅದೂ ಮಾಲೀಕನಾಗಿ ಅಲ್ಲ, ಮಾಲಿಯಾಗಿ ಅಂದರು. ನಾನು ಬೆಂಚಿನ ಮೇಲೆ ಕೂತು ಆಕಳಿಸುತ್ತಿದ್ದೆ. ಆಕಳಿಕೆ ನಿಂತದ್ದು ಗಂಗಾವತಿಯ ಬಟ್ಟೆ ವ್ಯಾಪಾರಿ ಶೇಠರು ಬಂದ ದಿನ.

ಶೇಠರು ಜೈನರು. ಒಂದು ಮೊಳ ಕೋರಾ ಬಟ್ಟೆ ತಂದಿದ್ದರು. ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಬಾವಿಯ ನೀರು ಸೋಸಿದರು. ಹೊಸ ಬಟ್ಟೆ ನೆನೆದು ಗಂಜಿಯ ವಾಸನೆ ಕೋಣೆ ತುಂಬಿತು. "ಸೋಸೂದು ಎಲ್ಲಾರೂ ಮಾಡ್ತಾರ," ಅಂದರು. "ಆಮ್ಯಾಲ ಬಟ್ಟಿ ಏನ ಮಾಡ್ತೀರಿ?"

"ಝಾಡಸತೀವ್ರಿ," ಅಂದರು ಹುಡುಗರು.

"ಎಲ್ಲಿ?"

"ಎಲ್ಲಿ ಬೇಕಾದಲ್ರಿ."

"ನಾವು ಹಂಗ ಮಾಡಂಗಿಲ್ಲ. ಇದರಾಗ ಕಣ್ಣಿಗೆ ಕಾಣದ ಜೀವ ಅದಾವ. ಅವು ಯಾವ ಬಾವ್ಯಾಗಿಂದ ಬಂದಾವೋ ಆ ಬಾವಿಗೇ ಮುಟ್ಟಸಬೇಕು. ಬ್ಯಾರೆ ಬಾವಿಗೆ ಹಾಕಿದ್ರೂ ಸಾಯ್ತಾವ."

ಟೀಚರ್ ಮುಂದಿನ ಶನಿವಾರದ ತನಕ ಕಾಯಲಿಲ್ಲ. ಬಟ್ಟೆಯ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿಗೆ ಹಾಕಿದರು. ಮಕ್ಕಳು ಒಬ್ಬೊಬ್ಬರೇ ಬಗ್ಗಿ ನೋಡಿ ಕಿರುಚುತ್ತಿದ್ದರು. ನನ್ನ ಪಾಳಿ ಬಂತು. ಬೆಳಕಿನ ಬಟ್ಟಲೊಳಗೆ ಒಂದು ಕಣ್ಣಿನ ಜೀವವೊಂದು ಜಿಗಿದು ಜಿಗಿದು ಹೋಗುತ್ತಿತ್ತು. ಗಾಜಿನಂಥ ಮೈ. ಒಳಗೆ ಏನೋ ಬಡಿದುಕೊಳ್ಳುತ್ತಿತ್ತು. "ಅದು ಅದರ ಗುಂಡಿಗಿರಿ," ಅಂದರು ಟೀಚರ್. "ನೀರಿನ ಚಿಗಟ ಅಂತಾರ." ಹುಳ ಸಾಯಿಸುವುದನ್ನು ಮಾರಿ ಹೊಟ್ಟೆ ಹೊರೆಯುವವನು ನಾನು, ಹುಳದ ಗುಂಡಿಗೆ ಬಡಿಯುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಪ್ರತಿ ಶನಿವಾರ ಬಾವಿಯ ನೀರು ಹೀಗೆ ಸೋಸಿ, ಎಷ್ಟು ಕಂಡವು ಎಂದು ಮಕ್ಕಳು ಬರೆದಿಡಬೇಕು, ಬಟ್ಟೆಯನ್ನು ಬಾವಿಗೇ ಜಾಲಿಸಬೇಕು ಎಂದು ಅಂದು ನಿಶ್ಚಯವಾಯಿತು.

ನನಗೆ ಒಳ್ಳೆಯ ಬುದ್ಧಿ ಬಂದರೂ ವ್ಯಾಪಾರದ ಬಾಗಿಲಿನಿಂದಲೇ ಬರುತ್ತದೆ. ರೈತರು ಸ್ಪ್ರೇಯರುಗಳನ್ನು ಕಾಲುವೆಯಲ್ಲೇ ಅದ್ದಿ ತೊಳೆಯುತ್ತಿದ್ದರು. ಹರಿಯುವ ನೀರು ಎಲ್ಲವನ್ನೂ ಒಯ್ಯುತ್ತದೆ ಎಂಬುದು ಹಿಂದೂಗಳಿಗೂ ನಂಬಿಕೆ, ನಮ್ಮವರಿಗೂ ನಂಬಿಕೆ. ಅಂದೇ ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ: "ಇನ್ನ ಮ್ಯಾಲೆ ಕಾಲುವ್ಯಾಗ ಯಾರೂ ಮಷೀನ್ ತೊಳೆಯೂದು ಬ್ಯಾಡ. ನನ್ನ ಬಾಡಿಗಿ ಮಷೀನ್ ಹೊಲಸ ಇದ್ದಂಗ ತಂದು ಕೊಡ್ರಿ. ನಾ ತೊಳಸ್ತೀನಿ, ಪುಕ್ಕಟ." ಚಪ್ಪಾಳೆ ಬಿತ್ತು. ಶುಕ್ರವಾರ ಇಮಾಮ್ ಸಾಹೇಬರು ಮಸೀದಿಯಲ್ಲಿ ನನ್ನ ಹೆಸರು ತೆಗೆದು ಹೊಗಳಿದರು. ಬೇರೆ ಅಂಗಡಿಯ ಗಿರಾಕಿಗಳೂ ನನ್ನ ಕಡೆ ತಿರುಗಿದರು. ತೊಳೆಯುವ ಕೆಲಸ ತಪ್ಪಿತಲ್ಲ!

ಅಂಗಡಿಯ ಹಿಂದೆ ಮಷೀನು ತೊಳೆಯಲು ಕಟ್ಟೆ ಕಟ್ಟಿಸಿದೆ. ನೀರು ಇಂಗಲು ಗುಂಡಿ ತೆಗೆಸಿದೆ. ಸುಮ್ಮನೆ ತೆಗೆಸಲಿಲ್ಲ, ತರಗತಿಯ ಗೋಡೆಯ ಮೇಲೆ ಇದ್ದ ಚಿತ್ರದ ಪ್ರಕಾರ ಕೆಳಗೆ ಕಲ್ಲು, ಮೇಲೆ ಇದ್ದಿಲು, ಅದರ ಮೇಲೆ ಮರಳು. ಹೊಲಸು ನೀರು ಮೇಲಿಂದ, ತಿಳಿ ನೀರು ಕೆಳಗಿಂದ. ಟೀಚರ್ ನೋಡಲು ಬಂದವರು ಹುಬ್ಬು ಗಂಟು ಹಾಕಿದರು.

"ಆ ಚಿತ್ರ ಕೆಸರು ಸೋಸಾಕ್ರಿ. ಇದು ಔಷಧ. ಶೇಠಜೀ ಹೇಳಿದ್ದು ನೆನಪೈತಿಲ್ರಿ, ಎಲ್ಲಿಂದ ಬಂತೋ ಅಲ್ಲಿಗೆ? ಔಷಧ ಕಲಸೂ ಡ್ರಮ್ಮಿನ್ಯಾಗ ಉಳಿದದ್ದು, ತೊಳೆದದ್ದು, ಎರಡೂ ಯಾವ ಹೊಲಕ್ಕ ಹೊಡೆದ್ರೋ ಆ ಹೊಲಕ್ಕ ಹೊಡಿಬೇಕು. ಹೊಲದಾಗ ಹರವಿದ್ರ ಬಿಸಿಲು, ಮಣ್ಣು ಅದನ್ನ ಸಣ್ಣಾಗಿ ಮುರೀತಾವ. ಒಂದ ಗುಂಡಿಗೆ ಸುರದ್ರ ಹಂಗಾಗಂಗಿಲ್ಲ."

"ಅಷ್ಟು ತಾಳ್ಮಿ ಯಾವ ರೈತಗ ಐತ್ರಿ ಟೀಚರ? ನೀವು ಬರೂ ಶನಿವಾರ ಕ್ಲಾಸಿನ್ಯಾಗ ಹೇಳ್ರಿ, ಕೇಳತೀನಿ."

ಆ ಶನಿವಾರಕ್ಕೇ ಹುಳ ಬಿದ್ದಿತು. ಅಂಗಡಿಯ ಮುಂದೆ ಜನ, ತೆಲುಗಿನಲ್ಲಿ "ಏಮಂಡಿ ಸಾಬ್ ಗಾರು" ಅನ್ನುವವರು, "ಲಗೂನ ಕೊಡ್ರಿ" ಅನ್ನುವವರು. ಬೆಂಚಿಗೆ ನಾನು ಹೋಗಲಿಲ್ಲ. ತಪ್ಪಿಸಿದ್ದು ಅದೊಂದೇ ತರಗತಿ. ಅಂದು ಟೀಚರ್ ಸಕ್ಕರೆ ನೀರನ್ನು ಬಟ್ಟೆಯಲ್ಲಿ, ಮರಳಿನಲ್ಲಿ, ಕಲ್ಲಿನಲ್ಲಿ ಸೋಸಿ ಮಕ್ಕಳಿಗೆ ಕುಡಿಸಿದರಂತೆ. ಸಿಹಿ ಹಾಗೇ ಇತ್ತಂತೆ. ಕರಗಿದ್ದನ್ನು ಮರಳು ಹಿಡಿಯುವುದಿಲ್ಲ ಎಂಬ ಪಾಠ. ಕ್ಯಾಂಪಿನ ಹನ್ನೆರಡು ವರ್ಷದ ಹುಡುಗರಿಗೆಲ್ಲ ಗೊತ್ತಾದದ್ದು ಅಧ್ಯಕ್ಷನಿಗೆ ಗೊತ್ತಾಗಲಿಲ್ಲ.

ಒಂದೂವರೆ ತಿಂಗಳು ದಿನಾ ಸಂಜೆ ಮಷೀನು ತೊಳೆದೆವು. ಭತ್ತ ಹೊಡೆ ತುಂಬಿ ತೆನೆಗೆ ಬಂತು. ಶನಿವಾರದ ಬಟ್ಟೆಯಲ್ಲಿ ಚಿಗಟಗಳು ಕಡಿಮೆಯಾಗುತ್ತಾ ಬಂದವು. ಮಳೆಗಾಲ ಮುಗಿಯಿತಲ್ಲ, ಅದಕ್ಕೇ ಅಂದೆ ನಾನು. ಒಂದು ಶನಿವಾರ ಬಟ್ಟೆ ಖಾಲಿ ಬಂತು. ಟೀಚರ್ ಮತ್ತೆ ಸೋಸಿದರು, ಮತ್ತೆ ಖಾಲಿ. ಕಾಲುವೆಯ ನೀರು ತಂದು ಸೋಸಿದರು, ಅದರಲ್ಲಿ ಇದ್ದವು. ಹಳ್ಳದ ನೀರಿನಲ್ಲೂ ಒಂದೆರಡು. ನಾನು ಬಾವಿಗೆ ಇಣುಕಿದೆ. ತಳದ ಕಲ್ಲು ಕಾಣುವಷ್ಟು ತಿಳಿ.

"ಕನ್ನಡಿ ಹಂಗ ಆಗೇತಲ್ರಿ," ಅಂದೆ.

"ಹೌದು. ಒಂದೂ ಜೀವ ಇಲ್ಲ," ಅಂದರು ಟೀಚರ್. ಅವರ ದನಿ ಇಳಿದಿತ್ತು. ಮಕ್ಕಳನ್ನು ಹೊರಗೆ ಕಳಿಸಿದರು. "ನಿಮ್ಮ ಗುಂಡಿಯಿಂದ ಬಂದೈತ್ರಿ ಇದು."

ಸುತ್ತ ಸಾವಿರ ಎಕರೆ ಭತ್ತಕ್ಕೆ ಔಷಧಿ ಹೊಡೆದಿದ್ದಾರೆ, ನನ್ನ ಗುಂಡಿಯೇ ಯಾಕೆ ಅಂದೆ. ಹಾಗಾದರೆ ಕಾಲುವೆಯಲ್ಲಿ, ಹಳ್ಳದಲ್ಲಿ ಯಾಕೆ ಬದುಕಿವೆ ಅಂದರು ಅವರು. ನಾನು ಚೌಕಾಸಿಗೆ ಇಳಿದೆ. ನೀರನ್ನು ಪರೀಕ್ಷೆಗೆ ಕಳಿಸೋಣ, ವರದಿ ಬರುವ ತನಕ ಶಾಲೆಗೆ ಟ್ಯಾಂಕರ್ ತರಿಸುತ್ತೇನೆ, ಮಷೀನು ತೊಳೆಯುವುದನ್ನು ಇವತ್ತೇ ನಿಲ್ಲಿಸುತ್ತೇನೆ. ಊರಲ್ಲಿ ಮಾತ್ರ ಬಾಯಿ ಬಿಡಬೇಡಿ ಅಂದೆ.

"ಸಾಲಿ ಮಕ್ಕಳದು ಆತು. ಓಣಿಯವ್ರದು? ಹೊನ್ನವ್ವನ ಸೊಸಿ ಏಳು ತಿಂಗಳ ಬಸುರಿ."

"ಅವರಿಗೆ ನಾ ಹೇಳತೀನಿ," ಅಂದೆ.

ಹೇಳಲಿಲ್ಲ. ಎರಡು ದಿನದ ಮೇಲೆ ಹೊನ್ನವ್ವ ತಾನೇ ಅಂಗಡಿಗೆ ಬಂದಳು. ಟೀಚರ್ ತಡೆಯಲಾರದೆ ಅವಳಿಗೆ, ವರದಿ ಬರುವ ತನಕ ಆ ನೀರು ಕುಡಿಯಬೇಡಿ ಎಂದಿದ್ದರು.

"ಕಾಸಿಮಣ್ಣ, ಟೀಚರಮ್ಮ ಹಿಂಗಂತಾಳ. ಯಾಕಪಾ, ಏನಾಗೇತಿ ಬಾವಿಗೆ?"

ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. "ಏನೂ ಆಗಿಲ್ಲ," ಅಂದೆ. "ಕಸ ಬಿದ್ದಿತ್ತು. ಬ್ಲೀಚಿಂಗ್ ಹಾಕಸೀನಿ. ಎರಡು ದಿನ ಬಿಟ್ಟು ಕುಡೀರಿ."

"ಹಂಗನ್ನು ಮತ್ತ. ಆಕಿ ಊರಾಗಿನಾಕಿ ಅಲ್ಲ, ಸಣ್ಣದಕ್ಕೂ ಹೆದರತಾಳ. ಓಣಿ ಮಂದಿಗೆ ನೀ ಹೇಳಿದಿ ಅಂತ ಹೇಳತೀನಿ."

ನಾನು ಹೇಳಿದೆ ಅಂತಲೇ ಅವರು ಕುಡಿದರು. ಟೀಚರಮ್ಮನ ಮಾತಿಗಿಂತ ನನ್ನ ಮಾತಿನ ತೂಕ ಓಣಿಯಲ್ಲಿ ಹೆಚ್ಚಿತ್ತು. ಆ ತೂಕವನ್ನು ನಾನು ವರ್ಷಗಟ್ಟಲೆ ಕೂಡಿಹಾಕಿದ್ದೆ, ಯಾರದೋ ಆಸ್ಪತ್ರೆಗೆ ಓಡಾಡಿ, ಯಾರದೋ ಮಗಳಿಗೆ ವರ ಹುಡುಕಿ. ಟೀಚರ್ ಮತ್ತೊಮ್ಮೆ ಓಣಿಗೆ ಹೋಗಿದ್ದರಂತೆ. "ಸಾಹುಕಾರ್ರು ಕುಡೀರಿ ಅಂದಾರ, ನಿಮಗೇನ್ ಗೊತ್ತು ಇಲ್ಲಿದು," ಎಂದು ಹೆಂಗಸರು ನಕ್ಕು ಕಳಿಸಿದ್ದರು. ಅಂಗಡಿಯಿಂದ ನನಗೆ ಬಾವಿಯ ಕಟ್ಟೆ ಕಾಣುತ್ತಿತ್ತು. ಬೆಳಿಗ್ಗೆ ಹೊನ್ನವ್ವನ ಸೊಸೆ ರೇಣುಕಾ ಒಂದು ಕೈ ಸೊಂಟಕ್ಕೆ ಕೊಟ್ಟು ಹಗ್ಗ ಎಳೆಯುವುದು ಕಾಣುತ್ತಿತ್ತು. ನಾನು ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡೆ.

ಹೀಗೇ ದಿನ ಹೋದವು. ವರದಿ ಬರಲಿಲ್ಲ. ಕೊನೆಗೆ ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಇಮಾಮ್ ಸಾಹೇಬರ ಹತ್ತಿರ ಕೂತೆ. ಎಲ್ಲವನ್ನೂ ಹೇಳಿ, ಕೊನೆಗೆ ಕೇಳಿದೆ: "ರಂಗು ಕೆಟ್ಟಿಲ್ಲ. ವಾಸನಿ ಇಲ್ಲ. ರುಚಿನೂ ಹಂಗ ಐತಿ. ಮೂರೂ ಸಾಕ್ಷಿ ಸರಿ ಅದಾವ. ಅಂದಮ್ಯಾಲ ಆ ನೀರು ಪಾಕ್, ಶುದ್ಧ ಆತಲ್ರಿ?"

ಅವರು ತಸ್ಬೀಹಿನ ಜಪಮಣಿ ಎಣಿಸುವುದನ್ನು ನಿಲ್ಲಿಸಿದರು.

"ವಜೂ ಆಗತೈತಿ," ಅಂದರು. "ವಜೂ ಮಾಡಾಕ ಕೇಳಾಕ ಬಂದೀಯೇನು?"

"ಕುಡಿಯಾಕ್ರಿ," ಅಂದೆ.

"ಕುಡಿಯೋ ಮಾತು ಬ್ಯಾರೆ. ಅದನ್ನ ಆ ಟೀಚರ್ ಹೇಳ್ಯಾಳ, ನೀ ಕೇಳೀದಿ. ನಿನಗ ಬೇಕಾದ ಜವಾಬು ಅಲ್ಲಿ ಸಿಗಲಿಲ್ಲ, ಅದಕ್ಕ ಇಲ್ಲಿ ಬಂದಿ. ಕಾಸೀಂ, ದೀನ್-ಧರ್ಮ ಅಂದ್ರ ಎರಡನೇ ಅಂಗಡಿ ಅಲ್ಲೋ, ಅಲ್ಲಿ ದರ ಕುದರಲಿಲ್ಲ ಅಂತ ಇಲ್ಲಿಗೆ ಬರಾಕ." ಆಮೇಲೆ ತಮಗೆ ತಾವೇ ಅನ್ನುವಂತೆ, "ನಾನೂ ಅರ್ಧಾನ ಹೇಳಿದ್ದೆ ಮಕ್ಕಳಿಗೆ. ಜೀವಕ್ಕ ಹಾನಿ ಆಗೂದು ಬಾಯಿಗೆ ಹಾಕಬಾರದು, ಅದು ಎಷ್ಟ ಪಾಕ್ ಇದ್ರೂ. ಅದನ್ನ ಮೊದಲ ಹೇಳಬೇಕಾಗಿತ್ತು," ಅಂದರು.

ಮುಂದೇನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ವರದಿ ಬಂತು, ನೀರಿನಲ್ಲಿ ನಾನು ಮಾರಿದ್ದೇ ಇತ್ತು. ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದರು. ಅಂಗಡಿ ಈಗಲೂ ಇದೆ, ಬೀಜ ಮತ್ತು ಪೈಪು ಹೆಚ್ಚು, ಔಷಧಿ ಕಡಿಮೆ. ಮಷೀನು ಬಾಡಿಗೆಗೆ ಒಯ್ಯುವವನಿಗೆ ಒಂದೇ ಕರಾರು: ತೊಳೆದ ನೀರು ಅದೇ ಹೊಲದ ಬೆಳೆಗೇ ಹೊಡೆದು ಬರಬೇಕು. ಓದುವವರಿಗೂ ಹೇಳುತ್ತೇನೆ, ಹಾಗೇ ಮಾಡಿ, ಡಬ್ಬಿಯನ್ನು ಮೂರು ಸಲ ಜಾಲಿಸಿ ಆ ನೀರನ್ನೂ ಡ್ರಮ್ಮಿಗೇ ಹಾಕಿ. ರೇಣುಕಾಗೆ ಗಂಡು ಮಗು ಆಯಿತು. ಈಗ ಅಂಗನವಾಡಿಗೆ ಹೋಗುತ್ತದೆ. ಚೆನ್ನಾಗಿದೆ. ಸ್ವಲ್ಪ ಸಣ್ಣಗಿದೆ. ಸಣ್ಣಗಿರುವ ಮಕ್ಕಳು ಎಲ್ಲ ಓಣಿಯಲ್ಲೂ ಇರುತ್ತವೆ ಎಂದು ನಾನು ನನಗೆ ಹೇಳಿಕೊಳ್ಳುತ್ತೇನೆ. ಆ ನೀರಿನಿಂದ ಏನಾಯಿತು, ಏನಾಗಲಿಲ್ಲ ಎಂದು ಟೀಚರಿಗೂ ಹೇಳಲಾಗಲಿಲ್ಲ, ಡಾಕ್ಟರಿಗೂ ಹೇಳಲಾಗಲಿಲ್ಲ.

ಇಮಾಮ್ ಸಾಹೇಬರ ಹತ್ತಿರ ಹೋಗಿ ಬಂದ ಮರುದಿನ ಬೆಳಿಗ್ಗೆ ನಾನು ಬಾವಿಗೆ ಹೋದೆ. ಓಣಿಯ ಆರೇಳು ಹೆಂಗಸರಿದ್ದರು. ಹೊನ್ನವ್ವ ಸೊಸೆಗೆ ಹಗ್ಗ ಎಳೆಯಲು ಬಿಡದೆ ತಾನೇ ಎಳೆಯುತ್ತಿದ್ದಳು. "ಏನ್ರಿ ಸಾಹುಕಾರ್ರ, ಕ್ಯಾನಿನ ನೀರು ತೀರ್ತೇನು? ಬರ್ರಿ, ಒಂದು ತಂಬಗಿ ಕುಡೀರಿ," ಎಂದು ಒಬ್ಬಳು ಚಾಷ್ಟಿ ಮಾಡಿದಳು. ಎಲ್ಲರೂ ನಕ್ಕರು.

ನಾನು ಹೇಳಿದೆ. ಗುಂಡಿ, ಮಷೀನು, ಖಾಲಿ ಬಟ್ಟೆ, ಎಲ್ಲ. ಬ್ಲೀಚಿಂಗ್ ಪೌಡರಿಗೆ ಇದು ಹೋಗುವುದಿಲ್ಲ, ನನಗೆ ಗೊತ್ತಿದ್ದೂ ಕುಡಿಯಿರಿ ಅಂದೆ ಎಂದೂ ಹೇಳಿದೆ. ರೇಣುಕಾ ತನ್ನ ಕೊಡದ ಬಾಯಿಗೆ ಕೈ ಮುಚ್ಚಿ ಹಾಗೇ ನಿಂತಳು. ಯಾರಾದರೂ ಬೈಯುತ್ತಾರೆ, ಆಮೇಲೆ ಟ್ಯಾಂಕರ್ ಮಾತು ಎತ್ತೋಣ ಎಂದು ನಾನು ತಯಾರಾಗಿದ್ದೆ. ಹೊನ್ನವ್ವ ಬೈಯಲಿಲ್ಲ.

"ನಿನಗ ಗೊತ್ತಾಗಿ ಎಷ್ಟು ದಿನ ಆತು?" ಅಂದಳು.

"ಆತವ್ವಾ, ಒಂದ್ ವಾರ, ಎರಡ್ ವಾರ. ಓಣಿಗೆ ಇವತ್ತಿಂದ ಟ್ಯಾಂಕರ್..."

"ದಿನ ಹೇಳು."

"ಹದಿನೆಂಟು," ಅಂದೆ.

ಅವಳು ಹಗ್ಗವನ್ನು ಕೈಯಿಂದ ಬಿಟ್ಟಳು. ತುಂಬಿದ ಕೊಡವನ್ನು ತಂದು ನನ್ನ ಕಾಲ ಮುಂದೆ ಇಟ್ಟಳು. ಸೊಸೆಯ ಕೊಡವನ್ನೂ ಇಸಿದುಕೊಂಡು ಪಕ್ಕಕ್ಕಿಟ್ಟಳು. ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಇಟ್ಟರು. ಬರಿಗೈಯಲ್ಲಿ ಓಣಿಯ ಕಡೆ ನಡೆದರು, ರೇಣುಕಾಳ ತೋಳು ಹಿಡಿದು ಹೊನ್ನವ್ವ ಎಲ್ಲರಿಗಿಂತ ಹಿಂದೆ.

ನಾನು ಆ ಕೊಡಗಳ ನಡುವೆ ನಿಂತೆ. ಇಷ್ಟು ನೀರನ್ನು ಚೆಲ್ಲಬೇಕು, ಎಲ್ಲಿ ಚೆಲ್ಲಬೇಕು? ಬಾವಿಗೆ ವಾಪಸು ಹಾಕಲೇ, ರಸ್ತೆಗೆ ಸುರಿಯಲೇ, ಶಾಲೆಯ ಬೇವಿನ ಗಿಡದ ಬುಡಕ್ಕೆ? ಎಲ್ಲಿ ಸುರಿದರೂ ಅದರ ಕೆಳಗೆ ಯಾರದೋ ನೀರು ಇರುತ್ತದೆ. ಶಾಲೆಯ ಗಂಟೆ ಆಗಿ, ಟೀಚರ್ ಬಂದು, ಎಲ್ಲಿ ಸುರಿಯಬೇಕೆಂದು ಹೇಳುವ ತನಕ ನಾನು ಒಂದು ಕೊಡವನ್ನೂ ಮುಟ್ಟಲಿಲ್ಲ.